ನಲವತ್ತೊಂದನೆಯ ತಗಡು

ಜನವರಿ ೯

ಗುಬ್ಬಿಯವರಿಗೆ ನಮಸ್ಕಾರಗಳು.

ನಿಮ್ಮ ನಿಜವಾದ ಹೆಸರನ್ನು ಲಕೋಟೆಯ ಮೇಲೆ ಬರೆದಿದ್ದೇನೆ. ಒಳಗೆ ಬರೆಯಲು ಕೈ ಬರಲಿಲ್ಲ. ಇಪ್ಪತ್ತಾರು ವರ್ಷದಿಂದ ನಮ್ಮವರ ಬಾಯಲ್ಲಿ ಕೇಳಿರುವುದು ಗುಬ್ಬಿ ಎಂದೇ, ಅದೂ ವರ್ಷಕ್ಕೆ ಒಂದೋ ಎರಡೋ ಸಲ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮೇಸ್ತ್ರಿಯ ಹೆಂಡತಿ. ಶತ್ರುಗಳ ಸೆರೆಶಿಬಿರದಲ್ಲಿ ನಿಮ್ಮ ಜೊತೆ ಒಂದೇ ಶೆಡ್ಡಿನಲ್ಲಿದ್ದು, ಕಾವಲಿನವರ ಗಡಿಯಾರವನ್ನೂ ರಿಪೇರಿ ಮಾಡಿಕೊಡುತ್ತಿದ್ದ ಮೇಸ್ತ್ರಿ. ಈಗ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾರೆ. ನಾನು ಅದೇ ಬೀದಿಯ ಟೈಲರ್ ಅಂಗಡಿಗೆ ಕಾಜಾ ಹಾಕಿ ಗುಂಡಿ ಹೊಲಿಯುವವಳು. ನನ್ನ ಓದು ನಾಲ್ಕನೇ ತರಗತಿಗೆ ನಿಂತಿತು. ಎರಡು ವರ್ಷ ಬಿಟ್ಟು ಅಪ್ಪ ಆರಕ್ಕೆ ತಂದು ಕೂರಿಸಿದರು, ಆರೂ ಮುಗಿಯಲಿಲ್ಲ. ಐದರಲ್ಲಿ ಏನು ಕಲಿಸುತ್ತಾರೋ ಇವತ್ತಿಗೂ ಗೊತ್ತಿಲ್ಲ. ಕಾಗುಣಿತ ತಪ್ಪಿದ್ದರೆ ಅದು ಐದನೇ ತರಗತಿಯದು ಎಂದು ತಿಳಿಯಿರಿ.

ವಿಷಯಕ್ಕೆ ಬರುತ್ತೇನೆ. ಹೆದರಿಕೆಯಾದಾಗ ನನಗೆ ವಿಷಯ ಬಿಟ್ಟು ಬೇರೆಲ್ಲ ನೆನಪಾಗುತ್ತದೆ.

ಶಿಬಿರದ ಹಿಮದಲ್ಲಿ ನಮ್ಮವರ ಒಂದು ಪಾದದ ಮೂರು ಬೆರಳು ಕೊಳೆತು ಹೋದವು. ಇಷ್ಟು ವರ್ಷ ಹೇಗೋ ಕಟ್ಟು ಕಟ್ಟಿಕೊಂಡು ನಡೆದರು. ಹೋದ ವರ್ಷ ಗಾಯ ಮತ್ತೆ ಬಾಯಿ ಬಿಟ್ಟಿತು, ಈಗ ಮೂಳೆಗೆ ಇಳಿದಿದೆ. ದೊಡ್ಡಾಸ್ಪತ್ರೆಯ ಡಾಕ್ಟರು ಮೊಣಕಾಲಿನ ಕೆಳಗೆ ತೆಗೆಯಬೇಕು ಎನ್ನುತ್ತಾರೆ. ಸೈನಿಕರ ಆಸ್ಪತ್ರೆಯಲ್ಲಿ ಒಬ್ಬರಿದ್ದಾರಂತೆ, ಕೊಳೆತ ಮೂಳೆಯನ್ನಷ್ಟೇ ಕೆರೆದು ಕಾಲು ಉಳಿಸುತ್ತಾರಂತೆ. ಆದರೆ ಏಪ್ರಿಲ್ ದಾಟಬಾರದಂತೆ. ಅಲ್ಲಿ ಹಾಸಿಗೆ ಸಿಗಬೇಕಾದರೆ ಸೆರೆಯಲ್ಲಿದ್ದಾಗಲೇ ಅಂಗ ಊನವಾಯಿತು ಎಂದು ಪಿಂಚಣಿ ಕಚೇರಿಯ ಪ್ರಮಾಣಪತ್ರ ಬೇಕು. ಅದಕ್ಕೆ ಆಗಿನ ವೈದ್ಯರ ಚೀಟಿ ಬೇಕು.

"ಆಗಿನ ವೈದ್ಯರು ಶತ್ರುಗಳು ಸ್ವಾಮಿ, ಚೀಟಿ ಬರೆಸ್ಕೊಂಡು ಬರೋದು ಮರೆತುಬಿಟ್ರು" ಎಂದೆ ಕಿಟಕಿಯ ಗುಮಾಸ್ತರಿಗೆ. ಅವರಿಗೆ ನಗು ಬರಲಿಲ್ಲ. "ಹಾಗಾದ್ರೆ ಅದೇ ಶೆಡ್ಡಲ್ಲಿದ್ದ ಒಬ್ಬರು ಕಣ್ಣಾರೆ ಕಂಡೆ ಅಂತ ಬರೆದುಕೊಡ್ಲಿ" ಎಂದರು.

ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ನಿಮ್ಮ ಶೆಡ್ಡಿನ ಪಟ್ಟಿ ತೆಗೆದು, ತೀರಿಕೊಂಡವರಿಗೆ ಒಂದೊಂದೇ ಗೀಟು ಹಾಕುತ್ತಾ ಹೋದರು. ನಮ್ಮವರನ್ನು ಬಿಟ್ಟರೆ ಗೀಟಿಲ್ಲದೆ ಉಳಿದದ್ದು ನೀವೊಬ್ಬರೇ.

ನಾನು ಬರೆಯುತ್ತಿರುವುದು ನಮ್ಮವರಿಗೆ ಗೊತ್ತಿಲ್ಲ. ಅರ್ಜಿಯೇ ಅವರಿಗೆ ಇಷ್ಟವಿರಲಿಲ್ಲ, ನನ್ನ ಕಾಟ ತಡೆಯಲಾರದೆ ಸಹಿ ಹಾಕಿದರು. ಹತ್ತು ಸಾಲು ಬರೆದುಕೊಡಿ. ಐದಾದರೂ ಸಾಕು.

ಇಂತಿ,
ಮೇಸ್ತ್ರಿಯ ಹೆಂಡತಿ


ಫೆಬ್ರವರಿ ೪

ಗುಬ್ಬಿಯವರಿಗೆ ನಮಸ್ಕಾರಗಳು.

ನನ್ನ ಮೊದಲ ಪತ್ರ ತಲುಪಿತೋ ಇಲ್ಲವೋ. ಸ್ಟಾಂಪು ಸರಿಯಾಗಿ ಅಂಟಿಸಿದ್ದೆನೇ ಎಂದು ಹತ್ತು ದಿನ ಯೋಚಿಸಿದೆ. ಆಮೇಲೆ ನಿಮಗೆ ಹುಷಾರಿಲ್ಲವೇನೋ ಎಂದು ಹತ್ತು ದಿನ. ಈ ಸಲ ಸ್ಟಾಂಪು ಹಚ್ಚಿ, ನನ್ನ ವಿಳಾಸ ಬರೆದ ಲಕೋಟೆಯನ್ನೂ ಒಳಗಿಟ್ಟಿದ್ದೇನೆ. ನೀವು ಬರೆದು ಮಡಚಿ ಹಾಕಿದರೆ ಆಯಿತು.

ಇಲ್ಲಿ ಹೊಸ ತೊಂದರೆ ಬಂದಿದೆ. ಅರ್ಜಿಯಲ್ಲಿ ಶಿಬಿರದ ನಂಬರು ಕೇಳಿದ್ದರು. ಅಲ್ಲಿ ನಿಮಗೆಲ್ಲ ಹೆಸರೇ ಇರಲಿಲ್ಲ, ಕೊರಳಿಗೆ ಕಟ್ಟಿದ ತಗಡಿನ ನಂಬರಿನಿಂದಲೇ ಎಣಿಸುತ್ತಿದ್ದರು ಎಂದು ಕೇಳಿದ್ದೇನೆ. ನಮ್ಮವರನ್ನು ಕೇಳಿದರೆ ಬಾಯಿಗೆ ಬೀಗ. ಅವರು ಅಂಗಡಿಗೆ ಹೋದಾಗ ಟ್ರಂಕಿನ ತಳದಿಂದ ತಗಡು ತೆಗೆದು ನೋಡಿದೆ. ನಲವತ್ತಾರು ಎಂದಿತ್ತು. ಹಾಗೇ ಬರೆದೆ.

ಈಗ ಗುಮಾಸ್ತರು ಹೇಳುತ್ತಾರೆ, ಶಿಬಿರ ನೋಡಲು ಬಂದಿದ್ದ ಬೇರೆ ದೇಶದ ವೈದ್ಯರ ಪಟ್ಟಿ ಕಚೇರಿಯಲ್ಲೇ ಇದೆಯಂತೆ, ಅದರಲ್ಲಿ ನಲವತ್ತಾರರ ಎದುರಿಗೆ 'ಆರೋಗ್ಯವಂತ' ಎಂದಿದೆಯಂತೆ. ಊರಿಗೆ ಮರಳಿದ ದಿನ ನಮ್ಮವರೇ 'ಯಾವ ತೊಂದರೆಯೂ ಇಲ್ಲ' ಎಂದು ಸಹಿ ಹಾಕಿದ್ದಾರಂತೆ.

"ಹಾಗಾದ್ರೆ ಮೂರು ಬೆರಳು ಎಲ್ಲಿ ಹೋದವು?" ಎಂದೆ.

"ಬೆರಳು ಎಲ್ಲಿ ಬೇಕಾದ್ರೂ ಹೋಗಬಹುದಮ್ಮ. ನಮ್ಮ ಭಾವನಿಗೆ ಗಿರಣಿಯಲ್ಲಿ ಹೋದವು."

ಅರ್ಜಿ ತೀರ್ಮಾನಿಸುವ ಮಂಡಳಿ ಮಾರ್ಚ್ ಇಪ್ಪತ್ತೆಂಟಕ್ಕೆ ಕೂರುತ್ತದೆ. ಇನ್ನು ನೀವೇ ಗತಿ. ಕಟ್ಟು ಬಿಚ್ಚಿದಾಗ ಬರುವ ವಾಸನೆ ಈಗ ಪಕ್ಕದ ಕೋಣೆಗೂ ಬರುತ್ತಿದೆ. ಅವರು ಕಿಟಕಿ ತೆಗೆದು, "ಹೊರಗೆ ಎಲ್ಲೋ ಇಲಿ ಸತ್ತಿದೆ" ಎನ್ನುತ್ತಾರೆ. ನಾನೂ ಹೌದು ಎನ್ನುತ್ತೇನೆ.

ಇಂತಿ,
ಮೇಸ್ತ್ರಿಯ ಹೆಂಡತಿ


ಫೆಬ್ರವರಿ ೧೯

ಮಾನ್ಯರೇ,

ನಿಮ್ಮ ಎರಡೂ ಪತ್ರಗಳು ತಲುಪಿವೆ. ನಾನು ಮೊದಲ ತಂಡದಲ್ಲಿ, ನಿಮ್ಮ ಯಜಮಾನರಿಗಿಂತ ಹನ್ನೊಂದು ತಿಂಗಳು ಮುಂಚೆಯೇ ಊರಿಗೆ ಮರಳಿದೆ. ಅವರ ಕಾಲಿಗೆ ಏನಾಯಿತು, ಯಾವಾಗ ಆಯಿತು ಎಂಬುದು ನನಗೆ ತಿಳಿಯದು. ತಿಳಿಯದ್ದನ್ನು ಬರೆದುಕೊಡಲಾರೆ.

ನಾನೀಗ ಮಗಳ ಮನೆಯಲ್ಲಿದ್ದೇನೆ. ಅವಳು ಶಾಲೆಯಲ್ಲಿ ಟೀಚರು. ಅಂಚೆ ಬಂದರೆ ಎಲ್ಲಿಂದ ಎಂದು ಕೇಳುತ್ತಾಳೆ. ದಯವಿಟ್ಟು ಇನ್ನು ಬರೆಯಬೇಡಿ.

ಎಡಗಾಲು ಒದ್ದೆಯಾಗದಂತೆ ನೋಡಿಕೊಳ್ಳಲು ಅವರಿಗೆ ಹೇಳಿ. ಉಣ್ಣೆಬಟ್ಟೆ ಸುತ್ತಬಾರದು, ಗಾಯಕ್ಕೆ ಅಂಟಿಕೊಳ್ಳುತ್ತದೆ.

ಇಂತು,
ನಿಮ್ಮ ವಿಶ್ವಾಸಿ


ಮಾರ್ಚ್ ೧

ಗುಬ್ಬಿಯವರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿ ಅತ್ತೆ. ನಾಲ್ಕನೇ ಸಲ ಓದುವಾಗ ಅಳು ನಿಂತಿತು. ನಾನು ಒಂದು ಪಾದ ಎಂದು ಬರೆದಿದ್ದೆ. ಎಡಗಾಲು ಎಂದು ಎಲ್ಲಿ ಬರೆದಿದ್ದೆ? ತಪ್ಪಾದೀತೆಂದು ಪ್ರತಿ ಪತ್ರವನ್ನೂ ಮೊದಲು ಬಟ್ಟೆ ಸುತ್ತಿ ಬಂದ ಕಾಗದದ ಮೇಲೆ ಬರೆದು ನೋಡುವವಳು ನಾನು. ಆ ಕಾಗದಗಳನ್ನು ತೆಗೆದು ನೋಡಿದೆ. ಎಡ ಎಂಬ ಅಕ್ಷರವೇ ಇಲ್ಲ.

ಇನ್ನೊಂದು ಹೇಳುತ್ತೇನೆ. ಹೋದ ಮಂಗಳವಾರ ದೊಡ್ಡಾಸ್ಪತ್ರೆಗೆ ಕಟ್ಟು ಬದಲಿಸಲು ಹೋಗಿದ್ದೆವು. ನಮ್ಮ ಟೋಕನ್ ಹತ್ತೊಂಬತ್ತು, ನಾವು ತಡವಾಗಿ ಬಂದದ್ದರಿಂದ ಕೊನೆಗೆ ಕೂಗುತ್ತೇವೆ ಎಂದಿದ್ದರು. ಬೆಂಚಿನ ಮೇಲೆ ನಮ್ಮವರಿಗೆ ಜೊಂಪು. ಬಾಗಿಲ ಬಳಿಯ ನರ್ಸು "ನಲವತ್ತೊಂದು!" ಎಂದು ಕೂಗಿದರು. ಇವರು ಧಡಕ್ಕನೆ ಎದ್ದು ನಿಂತರು. ನಾನು "ಅದು ನಮ್ದಲ್ಲ ಕಣ್ರೀ" ಎಂದು ಕೈ ಹಿಡಿದೆ. "ಹೌದು, ನಲವತ್ತೊಂದು ಊರಿಗೆ ಹೋಯ್ತು" ಎಂದು ಕೂತರು. ಸ್ವಲ್ಪ ಹೊತ್ತಿಗೆ "ನಲವತ್ತಾರು!" ಎಂದರು. ಇವರು ಮತ್ತೆ ಎದ್ದು, ಕೈ ಎತ್ತಿ, "ಹಾಜರ್!" ಎಂದರು. ಇಡೀ ವರಾಂಡ ನಕ್ಕಿತು. ಪಕ್ಕದ ಮುದುಕಿ "ನಿಮ್ಮವರಿಗೆ ಎಷ್ಟು ಟೋಕನ್ ಕೊಟ್ಟಿದಾರಮ್ಮ?" ಎಂದಳು.

ತಲೆ ಕೆಟ್ಟಿತೇನೋ ಎಂದುಕೊಂಡೆ. ನಲವತ್ತಾರು ಅವರ ತಗಡಿನದು, ನಲವತ್ತೊಂದು ಯಾರದು? ಮರುದಿನ ಗುಮಾಸ್ತರ ಹತ್ತಿರ ಹೋಗಿ ಪಟ್ಟಿಯಲ್ಲಿ ನಲವತ್ತೊಂದು ನೋಡಿ ಎಂದೆ. ಬೇರೆಯವರದು ಹೇಳುವ ಹಾಗಿಲ್ಲ ಎನ್ನುತ್ತಲೇ ಓದಿದರು: "ಪಾದದ ಬೆರಳು ಕೊಳೆತಿದೆ. ಮೊದಲ ತಂಡದಲ್ಲಿ ಊರಿಗೆ ರವಾನೆ."

ಮೊದಲ ತಂಡದಲ್ಲಿ ಬಂದೆ ಎಂದು ನೀವೇ ಬರೆದಿದ್ದೀರಿ. ನಾನು ಆರನೇ ತರಗತಿ ಮುಗಿಸದವಳು, ಆದರೆ ಒಂದರಿಂದ ನೂರರವರೆಗೆ ನನಗೆ ಬರುತ್ತದೆ.

ನಿಮ್ಮ ನಂಬರು ಎಷ್ಟು, ಗುಬ್ಬಿಯವರೇ?

ಮೇಸ್ತ್ರಿಯ ಹೆಂಡತಿ


ಮಾರ್ಚ್ ೯

ಅತ್ತಿಗೆ,

ಹೀಗೆ ಕರೆಯುವ ಹಕ್ಕು ನನಗಿಲ್ಲ. ಆದರೆ ಅವನನ್ನು ಅಣ್ಣ ಎನ್ನುತ್ತಿದ್ದೆ.

ನಲವತ್ತಾರು ನನ್ನದು. ನಲವತ್ತೊಂದು ಅವನದು.

ಎರಡನೆಯ ಚಳಿಗಾಲದಲ್ಲಿ ನಾನು ಹದಿನಾಲ್ಕು ದಿನ ಊಟ ಮುಟ್ಟಲಿಲ್ಲ. ಕಾಯಿಲೆಯೇನಲ್ಲ. ಬೇಲಿಯನ್ನೇ ನೋಡುತ್ತಾ ಕೂರುತ್ತಿದ್ದೆ. ಬೇಲಿ ಮುಟ್ಟಿದವನಿಗೆ ಗುಂಡು ಎಂದು ಗೊತ್ತಿತ್ತು, ಅದಕ್ಕೇ ನೋಡುತ್ತಿದ್ದೆ. ಮನೆಯಲ್ಲಿ ನಾನು ಮುಖ ನೋಡದ ಮಗಳು ಹುಟ್ಟಿದ್ದಳು. ಮೇಸ್ತ್ರಿ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು, ಗುಬ್ಬಿ ಹಾರಿಹೋಗದಂತೆ ಕಟ್ಟಿದ್ದಾನೆ ಎಂದು.

ಆಗ ಆ ಬೇರೆ ದೇಶದ ವೈದ್ಯರು ಬಂದರು. ಅವನ ಪಾದ ನೋಡಿ ನಂಬರು ಬರೆದುಕೊಂಡರು. ಎಂಟು ದಿನಕ್ಕೆ, ಕಾಯಿಲೆಯವರು ಊರಿಗೆ ಹೋಗಬಹುದೆಂದು ಪಟ್ಟಿ ಬಂತು. ನಲವತ್ತೊಂದು ಎಂದು ಕೂಗಿದರು. ಅವನು ತನ್ನ ತಗಡು ಬಿಚ್ಚಿ ನನ್ನ ಕೊರಳಿಗೆ ಹಾಕಿದ, ನನ್ನದನ್ನು ತಾನು ಹಾಕಿಕೊಂಡ. ತನ್ನ ಪಾದಕ್ಕೆ ಕಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ನನ್ನ ಪಾದಕ್ಕೆ ಸುತ್ತಿದ, ವಾಸನೆ ಇರಲಿ ಎಂದು. ನಾನು ಬೇಡ ಎನ್ನಲಿಲ್ಲ ಅತ್ತಿಗೆ. ಬೇಡ ಎಂದೆ ಎಂದು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು.

"ಕುಂಟು, ಗುಬ್ಬಿ. ಗೇಟು ದಾಟೋವರೆಗೂ ಕುಂಟು" ಎಂದ.

ಕುಂಟಿದೆ. ಗೇಟು ದಾಟಿದ ಮೇಲೂ ನಿಲ್ಲಿಸಲಾಗಲಿಲ್ಲ. ಊರಿನ ಡಾಕ್ಟರು ಒಂದೇ ಮಧ್ಯಾಹ್ನ ಐವತ್ತು ಜನರನ್ನು ನೋಡಿದರು, ನನ್ನ ಕಟ್ಟಿನ ವಾಸನೆಗೆ ಮೂಗು ಮುಚ್ಚಿ ಬಿಚ್ಚದೆಯೇ ಬರೆದರು. ಸೆರೆಯಲ್ಲಿ ಅಂಗ ಊನವಾದವರಿಗೆ ಮೀಸಲಾದ ಕೆಲಸ ಸಿಕ್ಕಿತು. ಸರ್ಕಾರಿ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲು. ಬಾಗಿಲು ಮುಚ್ಚಿದರೆ ಉಸಿರುಗಟ್ಟುವವನು ಇಪ್ಪತ್ತೇಳು ವರ್ಷ ಆ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ಹೋದೆ. ಮಗಳು ನಡೆಯಲು ಕಲಿತದ್ದು ನನ್ನನ್ನು ನೋಡಿ. ಅವಳೂ ಕುಂಟುತ್ತಿದ್ದಳು. ಕಾಲಿಗೇನೋ ಆಗಿದೆ ಎಂದು ಹೆಂಡತಿ ಎತ್ತಿಕೊಂಡು ಆಸ್ಪತ್ರೆ ಆಸ್ಪತ್ರೆ ಅಲೆದಳು. ನಾನು ಆ ಪಾದದ ಕಾಲುಚೀಲವನ್ನು ಯಾರೆದುರಿಗೂ ತೆಗೆಯಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಈಗಲೂ ಬಿಡಲಾರೆ. ಬರೆದುಕೊಟ್ಟರೆ ಪಿಂಚಣಿ ನಿಲ್ಲುತ್ತದೆ, ಮೋಸದ ವಿಚಾರಣೆ ನಡೆಯುತ್ತದೆ. ಅದು ಹಾಳಾಗಲಿ. ಮಗಳು ತನ್ನ ಶಾಲೆಯ ಮಕ್ಕಳಿಗೆ ನನ್ನ ಕಾಲಿನ ಕಥೆ ಹೇಳುತ್ತಾಳೆ. ನನ್ನಿಂದಾಗದು. ಓದಿ ಸುಟ್ಟುಬಿಡಿ.

ಗುಬ್ಬಿ


ಮಾರ್ಚ್ ೧೪

ಗುಬ್ಬಿಯವರೇ,

ಸುಟ್ಟಿಲ್ಲ.

ಕಾಜಾ ದಾರದ ಡಬ್ಬಿಯಲ್ಲಿ ಇಟ್ಟಿದ್ದೆ. ನಮ್ಮವರು ಸೂಜಿ ಹುಡುಕುತ್ತಾ ಡಬ್ಬಿ ತೆಗೆದರು. ಅಕ್ಷರ ನೋಡಿದ ಕೂಡಲೇ "ಗುಬ್ಬಿ ಬದುಕಿದಾನಾ?" ಎಂದರು. ಬೈಯುತ್ತಾರೆಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ಓದು ಎಂದರು. ಓದಿದೆ. ಮಗಳು ಕುಂಟಿದ ಜಾಗವನ್ನು ಎರಡು ಸಲ ಓದಿಸಿದರು. ನಕ್ಕರು, ಆಮೇಲೆ ಕಟ್ಟು ಕಟ್ಟಿದ ಪಾದವನ್ನೇ ನೋಡುತ್ತಾ ಕೂತರು.

"ಮಂಡಳಿಗೆ ತೋರಿಸ್ತೀನಿ" ಎಂದೆ.

"ತೋರಿಸಿದ್ರೆ ನಾನು ಅಲ್ಲಿ ಕೂರಲ್ಲ. ಕೊಟ್ಟಿದ್ದು ಕೊಟ್ಟಾಯ್ತು."

"ಕಾಲು ಹೋದ್ರೆ?"

"ನನ್ನ ಕಾಲು."

"ನಂದೂ ಹೌದು! ಇಪ್ಪತ್ತಾರು ವರ್ಷ ಕಟ್ಟು ಕಟ್ಟಿರೋಳು ನಾನು. ಒಂದು ದಿನವಾದ್ರೂ ಹೇಳಿದ್ರಾ ನನಗೆ?"

ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ನಿಮ್ಮ ಪತ್ರ ನನ್ನ ಕೈಯಲ್ಲಿದೆ. ಬೇಕೆಂದರೆ ನಾಳೆಯೇ ಕಿಟಕಿಯೊಳಗೆ ತಳ್ಳಬಹುದು. ಹೀಗೆ ಹೆದರಿಸಿ ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಇನ್ನು ಹದಿನಾಲ್ಕು ದಿನ ಇದೆ. ನೀವೂ ಹದಿನಾಲ್ಕು ದಿನ ಊಟ ಬಿಟ್ಟಿದ್ದಿರಿ. ನಾನೀಗ ಬಿಟ್ಟಿದ್ದೇನೆ.

ಮೇಸ್ತ್ರಿಯ ಹೆಂಡತಿ


ಮಾರ್ಚ್ ೨೦

ಅತ್ತಿಗೆ,

ಊಟ ಮಾಡಿ. ಮಗಳಿಗೆ ಹೇಳಿಬಿಟ್ಟೆ.

ಅವಳು ನನ್ನ ಪಾದವನ್ನು ನೋಡಿದಳು, ಶಾಲೆಗೆ ಹೋದಳು. ಸಂಜೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, "ಎಷ್ಟು ಪ್ರತಿ ಬೇಕಪ್ಪ?" ಎಂದಳು. ಅವಳೇ ಅಂದವಾಗಿ ಬರೆದಳು. ನಾನು ಸಹಿ ಹಾಕಿದೆ. ಇವತ್ತು ಮಂಡಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಇಪ್ಪತ್ನಾಲ್ಕರೊಳಗೆ ತಲುಪುತ್ತದೆ ಎಂದರು.

ಮೇಲೆ ದೊಡ್ಡಕ್ಷರದಲ್ಲಿ ನಾನೇ ಬರೆದೆ: 'ನಲವತ್ತೊಂದನೆಯ ನಂಬರಿನವರ ವಿಷಯ.' ಅದು ಅವನ ನಂಬರು. ಇಪ್ಪತ್ತೆಂಟು ವರ್ಷದ ಮೇಲೆ ಅವನಿಗೆ ವಾಪಸ್ ಕೊಟ್ಟ ಹಾಗಾಯಿತು. ತಗಡನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚುತ್ತಿದ್ದೆ.

ನನ್ನ ಹಳೆಯ ಪತ್ರವನ್ನು ಇನ್ನಾದರೂ ಸುಡಿ. ಮಗಳು ಕುಂಟಿದ್ದನ್ನು ಕಚೇರಿಯವರು ಓದುವುದು ಬೇಡ.

ಗುಬ್ಬಿ


ಮಾರ್ಚ್ ೨೯

ಗುಬ್ಬಿಯವರೇ,

ನಿಮಗೆ ಸಮಾಧಾನವಾಯಿತೇ?

ನಿಮ್ಮ ಮಾತು ನಂಬಿ ಪತ್ರವನ್ನು ಒಲೆಗೆ ಹಾಕಿದೆ. ಹೊಟ್ಟೆ ತುಂಬ ಉಂಡೆ. ನಮ್ಮವರಿಗೆ ಏನೂ ಹೇಳದೆ, ಇಸ್ತ್ರಿ ಹಾಕಿದ ಅಂಗಿ ತೊಡಿಸಿ ಕರೆದುಕೊಂಡು ಹೋದೆ. ಉದ್ದನೆಯ ಮೇಜು, ಮೂವರು ಕೂತಿದ್ದರು. ಗುಮಾಸ್ತರು ನಲವತ್ತಾರರ ಕಡತ ತಿರುವಿ, "ಸಾಕ್ಷಿ ಏನೂ ಬಂದಿಲ್ಲ" ಎಂದರು. ಇನ್ನೊಂದು ಸಲ ನೋಡಿ ಎಂದೆ. ನೋಡಿದರು. ಇನ್ನೊಂದು ಸಲ ಎಂದೆ. ನಡುವಿನವರು ಬೆರಳು ಎತ್ತಿ ನನ್ನನ್ನು ಕೂರಿಸಿದರು.

"ಕಾಲು ಯಾವಾಗ ಕೆಟ್ಟಿತು?" ಎಂದು ಇವರನ್ನು ಕೇಳಿದರು.

"ಊರಿಗೆ ಬಂದ ಮೇಲೆ ಸರ್. ಮಿಷನ್ನು ಬಿತ್ತು."

ನಿಮ್ಮನ್ನು ಉಳಿಸಲು ಆ ಮನುಷ್ಯ ತಮ್ಮ ಕಾಲಿನ ಮೇಲೆ ತಾವೇ ಮಿಷನ್ನು ಬೀಳಿಸಿಕೊಂಡರು. ನೀವು ಕಳಿಸಿಯೇ ಇಲ್ಲ. ನಾನು ಪತ್ರ ಸುಡಲಿ ಎಂದು ಹೇಳಿದ ಸುಳ್ಳು ಅದು. ಮಗಳು ಬರೆದಳು ಎಂಬುದೂ ಸುಳ್ಳೇ ಇರಬೇಕು. ನಿಮ್ಮ ತಗಡನ್ನು ಬೀದಿಗೆ ಎಸೆಯಲು ಹೋದೆ, ಕೈ ಬರಲಿಲ್ಲ. ಅದು ಇವರದಲ್ಲವೇ.

ಅರ್ಜಿ ತಿರಸ್ಕರಿಸಲಾಗಿದೆ. ಇನ್ನು ಬರೆಯುವುದಿಲ್ಲ.


ಏಪ್ರಿಲ್ ೮

ಅತ್ತಿಗೆ,

ಅಂಚೆಯ ರಸೀದಿ ಇಟ್ಟಿದ್ದೇನೆ. ತಾರೀಕು ನೋಡಿ. ಕಚೇರಿಯ ಮೊಹರು ಬಿದ್ದ ಸ್ವೀಕೃತಿಯೂ ಇದೆ, ಮಾರ್ಚ್ ಇಪ್ಪತ್ತಮೂರು.

ಅವರು ಓದಿಯೂ ಇದ್ದಾರೆ. ನಿನ್ನೆ ನನ್ನ ಪಿಂಚಣಿ ನಿಲ್ಲಿಸಿದ ಆದೇಶ ಬಂತು, 'ನಿಮ್ಮ ತಪ್ಪೊಪ್ಪಿಗೆಯ ಮೇರೆಗೆ' ಎಂದು. ನನ್ನನ್ನು ಶಿಕ್ಷಿಸಲು ಸಿಕ್ಕ ಕಾಗದ ಅವನನ್ನು ಉಳಿಸಲು ಏಕೆ ಸಿಗಲಿಲ್ಲ? ಎಲ್ಲಿಟ್ಟಿದ್ದಾರೋ ಕೇಳಿ. ಬೇಗ ಹೋಗಿ. ನಿಮ್ಮ ಕಾಲು ಹಿಡಿಯುತ್ತೇನೆ.

ಗುಬ್ಬಿ


ಜೂನ್ ೩೦

ಮೈದುನನಿಗೆ ಆಶೀರ್ವಾದಗಳು.

ಮೂರು ತಿಂಗಳು ಬರೆಯಲಿಲ್ಲ. ಬರೆದು ಹರಿದವು ಎಷ್ಟೋ.

ನಿಮ್ಮ ರಸೀದಿ ಹಿಡಿದು ಅವತ್ತೇ ಹೋದೆ. ಗುಮಾಸ್ತರು ಒಳಗೆ ಹೋಗಿ ಬಹಳ ಹೊತ್ತಿಗೆ ಬಂದರು. ಕಾಗದ ಇತ್ತು. ನಲವತ್ತೊಂದನೆಯ ಕಡತದಲ್ಲಿತ್ತು. ಅಂದರೆ ನಿಮ್ಮದರಲ್ಲಿ.

"ಮೇಲೆ ದೊಡ್ಡದಾಗಿ ನಲವತ್ತೊಂದು ಅಂತ ಬರೆದಿದಾರಲ್ಲಮ್ಮ. ನಮ್ಮ ಪಟ್ಟಿಯಲ್ಲಿ ನಲವತ್ತೊಂದು ಅಂದ್ರೆ ಅವರೇ. ನಾವು ಮೇಲಿನ ನಂಬರು ನೋಡಿ ಹಾಕ್ತೀವಿ" ಎಂದರು. ಪಾಪ, ಅವರ ಮುಖವೂ ಸಣ್ಣಗಾಯಿತು. ನೀವು ಪ್ರಾಮಾಣಿಕವಾಗಿ ಬರೆದದ್ದೇ ಮುಳುವಾಯಿತು. ನಾನು ಟ್ರಂಕಿನಿಂದ ತೆಗೆದು ಬರೆದದ್ದೂ ಹಾಗೇ. ಇಬ್ಬರಲ್ಲಿ ಒಬ್ಬರು ಸುಳ್ಳು ನಂಬರು ಹಾಕಿದ್ದರೂ ಅರ್ಜಿಯೂ ಸಾಕ್ಷಿಯೂ ಒಂದೇ ಕಡತ ಸೇರುತ್ತಿದ್ದವು. ನಿಮ್ಮನ್ನು ಸುಳ್ಳುಗಾರ ಎಂದೆ. ಆ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಲಿ?

ಮರು ಅರ್ಜಿ ಹಾಕಿದೆ. ಮುಂದಿನ ಮಂಡಳಿ ಜೂನಿನಲ್ಲಿ ಎಂದರು. ಕೊಳೆ ಜೂನಿನವರೆಗೆ ಕಾಯಲಿಲ್ಲ. ಮೇ ಹನ್ನೊಂದಕ್ಕೆ ದೊಡ್ಡಾಸ್ಪತ್ರೆಯಲ್ಲಿ ತೆಗೆದರು. ಮೊಣಕಾಲಿನ ಕೆಳಗೆ ಎಂದಿದ್ದರು, ಮೇಲಕ್ಕೇ ಹೋಗಬೇಕಾಯಿತು. ಈಗಲೂ ಬೆಳಿಗ್ಗೆ ಎದ್ದರೆ ನನ್ನ ಕೈ ಕಟ್ಟಿನ ಬಟ್ಟೆ ಹುಡುಕುತ್ತದೆ.

ನಿನ್ನೆ ಮಂಡಳಿಯ ಪತ್ರ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: 'ಸಾಕ್ಷಿಯ ಹೇಳಿಕೆಯನ್ನು ಅಂಗೀಕರಿಸಲಾಗಿದೆ. ಅರ್ಜಿದಾರರು ಊನವಾದ ಎಡಪಾದವನ್ನು ಹದಿನೈದು ದಿನಗಳೊಳಗೆ ವೈದ್ಯಕೀಯ ಪರೀಕ್ಷೆಗೆ ಹಾಜರುಪಡಿಸತಕ್ಕದ್ದು.'

ನಮ್ಮವರು ಸ್ಟೂಲಿನ ಮೇಲೆ ಕೂತು ಯಾರದೋ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ಓದಿ ಹೇಳಿದೆ. "ಇನ್ನೊಂದು ಸಲ ಓದು" ಎಂದರು. ಓದಿದೆ. "ಆಸ್ಪತ್ರೆಯವರನ್ನ ಕೇಳು, ಆ ಕಾಲೇ ಹಾಜರ್ ಅಂತ ಕೂಗುತ್ತೋ ಏನೋ" ಎಂದರು. ನಾನು ನೆಲದ ಮೇಲೆ ಕೂತು ಅತ್ತೆ. ನನ್ನ ಜನ್ಮದಲ್ಲಿ ಹಾಗೆ ಅತ್ತಿಲ್ಲ. ಅವರು ಎಣ್ಣೆ ಒರೆಸುತ್ತಿದ್ದರು. ಆಮೇಲೆ ನೀವು ಕಳಿಸಿದ ತಗಡನ್ನೂ ಟ್ರಂಕಿನ ತಗಡನ್ನೂ ಕೇಳಿ ತರಿಸಿಕೊಂಡು, ಎರಡನ್ನೂ ಮಿಷನ್ನಿನ ಹಲಗೆಯ ಮೇಲಿಟ್ಟರು. ಒಂದನ್ನು ನನ್ನ ಕಡೆ ತಳ್ಳಿದರು. ನಲವತ್ತಾರು.

"ಇದು ಗುಬ್ಬಿದು. ಬಂದು ತಗೊಂಡು ಹೋಗ್ಲಿ, ಅಂಚೆಗೆ ಹಾಕ್ಬೇಡ."

"ಮತ್ತೇನು ಬರೀಲಿ?" ಎಂದೆ.

"ಗೇಟು ದಾಟಿ ಬಹಳ ದಿನ ಆಯ್ತು ಅಂತ ಬರಿ. ಇನ್ನು ಕುಂಟೋದು ಬೇಡ, ನೆಟ್ಟಗೆ ನಡ್ಕೊಂಡು ಬಾ ಅಂತ ಬರಿ."

ಬರೆದಿದ್ದೇನೆ.

ನಿಮ್ಮ ಅತ್ತಿಗೆ